ವೈರ್ ತಿರುಚಿ ಟೇಪ್ ಸುತ್ತಿದರೆ ಸಾಕಾ? ಬೆಸುಗೆಯಾ, ಕ್ರಿಂಪಾ?

ಪ್ರಶ್ನೆ: ಸರ್, ನಾನು ಉಡುಪಿ ಕಡೆಯವನು. ನನ್ನದು 2014ರ ಸಣ್ಣ ಕಾರು. ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಹೊಸ ಸ್ಟೀರಿಯೊ ಮತ್ತು ಮುಂದಿನ ಬಾಗಿಲುಗಳಿಗೆ ಹೊಸ ಸ್ಪೀಕರ್ ಹಾಕಿಸಿದೆ. ವಾರಕ್ಕೊಮ್ಮೆ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗುತ್ತೇನೆ. ಈಗೀಗ ಚಕ್ರ ಹೊಂಡಕ್ಕೆ ಇಳಿದರೆ ಕೆಲವೊಮ್ಮೆ ಸ್ಟೀರಿಯೊ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಗಡಿಯಾರ, ರೇಡಿಯೊ ಸ್ಟೇಷನ್ ಎಲ್ಲ ಅಳಿಸಿರುತ್ತವೆ. ಎಡಗಡೆ ಬಾಗಿಲು ಜೋರಾಗಿ ಹಾಕಿದರೆ ಆ ಸ್ಪೀಕರ್ ಕರಕರ ಎನ್ನುತ್ತದೆ. ಸ್ಟೀರಿಯೊ ಹೊರಗೆಳೆದು ನೋಡಿದೆ. ಕಾರಿನ ಕಪ್ಲರ್ (ವೈರ್‌ಗಳನ್ನು ಒಟ್ಟಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕನೆಕ್ಟರ್) ಕತ್ತರಿಸಿ, ವೈರ್ ತಿರುಚಿ, ಕಪ್ಪು ಟೇಪ್ ಸುತ್ತಿದ್ದಾರೆ. ಅಂಗಡಿಯವರು "ಎಲ್ಲರೂ ಮಾಡುವುದು ಹೀಗೇ" ಅಂದರು. ಎಂಜಿನಿಯರಿಂಗ್ ಓದುವ ನನ್ನ ತಮ್ಮ "ಎಲ್ಲಾ ಸೋಲ್ಡರ್ ಮಾಡಿಬಿಡು" ಅನ್ನುತ್ತಾನೆ. ಮುಂದಿನ ತಿಂಗಳು ಸಬ್‌ವೂಫರ್‌ಗೆ ಒಂದು ಆಂಪ್ಲಿಫೈಯರ್ ಹಾಕುವ ಆಸೆ ಇದೆ, ಅದರ ಫ್ಯೂಸ್ 30 ಆಂಪಿಯರ್. ವೈರ್ ಜೋಡಿಸುವ ಸರಿಯಾದ ಕ್ರಮ ಯಾವುದು?

ಉತ್ತರ: ನಿಮ್ಮ ಸ್ಟೀರಿಯೊ ಚೆನ್ನಾಗಿಯೇ ಇರುವ ಹಾಗಿದೆ, ಕಾಯಿಲೆ ಜಾಯಿಂಟಿನಲ್ಲಿದೆ. ಯಾವ ಜಾಯಿಂಟಿನಲ್ಲಿ ಅನ್ನುವುದನ್ನೂ ನೀವು ಬರೆದದ್ದರಿಂದಲೇ ಸುಮಾರಾಗಿ ಹೇಳಬಹುದು.

ಸ್ಟೀರಿಯೊದ ಹಿಂದೆ ಕರೆಂಟಿಗೆ ಸಂಬಂಧಿಸಿದ ಮೂರು ಮುಖ್ಯ ವೈರ್ ಇರುತ್ತವೆ. ಹಳದಿ ಯಾವಾಗಲೂ ಬ್ಯಾಟರಿಗೆ ಸೇರಿರುವುದು. ಕೆಂಪು ಕೀ ತಿರುಗಿಸಿದಾಗ ಬರುವುದು. ಕಪ್ಪು ಅರ್ಥ್, ಅಂದರೆ ಕಾರಿನ ಬಾಡಿಗೆ ಸೇರುವುದು. ಕೆಂಪು ವೈರ್ ಲೂಸ್ ಆದರೆ ಸ್ಟೀರಿಯೊ ಆಫ್ ಆಗಿ ಆನ್ ಆಗುತ್ತದೆ, ಆದರೆ ಗಡಿಯಾರ ಅಳಿಸುವುದಿಲ್ಲ. ನೆನಪು ಉಳಿಸುವ ಕೆಲಸ ಹಳದಿಯದು. ನಿಮ್ಮಲ್ಲಿ ಗಡಿಯಾರವೂ ಹೋಗುತ್ತಿದೆ. ಹಾಗಾಗಿ ಹಳದಿ, ಇಲ್ಲವೇ ಕಪ್ಪು. ಪ್ರತಿ ಸಲ ಕೀ ತೆಗೆದಾಗಲೂ ಅಳಿಸುತ್ತಿದ್ದರೆ ಹಳದಿ–ಕೆಂಪು ಅದಲುಬದಲಾಗಿದೆ ಎಂದು ಹೇಳುತ್ತಿದ್ದೆ. ಕೆಲವು ಕಾರುಗಳ ಕಪ್ಲರ್‌ನಲ್ಲಿ ಈ ಎರಡರ ಜಾಗವೇ ಬೇರೆ ಇರುತ್ತದೆ. ನಿಮ್ಮದು ಹೊಂಡ ಬಂದಾಗ ಮಾತ್ರ, ಅದೂ ಕೆಲವೊಮ್ಮೆ ಅಂತ ಬರೆದಿದ್ದೀರಿ. ಅಂದರೆ ಅಪ್ಪಟ ಲೂಸ್ ಕಾಂಟ್ಯಾಕ್ಟ್.

"ಎಲ್ಲರೂ ಮಾಡುವುದು ಹೀಗೇ" ಅನ್ನುವ ಮಾತು ಸುಳ್ಳಲ್ಲ. ನಾನೂ ಕೆಲಸ ಕಲಿತದ್ದು ಹಾಗೆಯೇ. ವೈರಿನ ಸಿಪ್ಪೆಯನ್ನು ಹಲ್ಲಿನಲ್ಲಿ ಸುಲಿ, ಎರಡು ತುದಿ ತಿರುಚು, ಟೇಪ್ ಸುತ್ತು, ಒಳಗೆ ತುರುಕು, ಗಾಡಿ ಕಳಿಸು. ಗಾಡಿ ಹೋಗುವಾಗ ಹಾಡು ಚೆನ್ನಾಗಿಯೇ ಕೇಳುತ್ತಿತ್ತು. ಆರು ತಿಂಗಳಾದ ಮೇಲೆ ವಾಪಸ್ ಬಂದಾಗ "ಸ್ಟೀರಿಯೊ ಹೋಗಿದೆ" ಅನ್ನುತ್ತಿದ್ದರು. ಬಿಚ್ಚಿ, ಮತ್ತೆ ತಿರುಚಿ, ಹೊಸ ಟೇಪ್ ಸುತ್ತಿ ಇನ್ನಾರು ತಿಂಗಳಿಗೆ ಕಳಿಸುತ್ತಿದ್ದೆವು.

ಇದು ಯಾಕೆ ಕೆಡುತ್ತದೆ ಅಂತ ಗೊತ್ತಾದರೆ ಉಳಿದದ್ದೆಲ್ಲ ಸುಲಭ. ತಿರುಚಿದ ಎಳೆಗಳು ನೋಡಲು ಬಿಗಿಯಾಗಿ ಕಂಡರೂ ಅವು ಒಂದನ್ನೊಂದು ಮುಟ್ಟುವುದು ಅಲ್ಲಲ್ಲಿ ಮಾತ್ರ. ಅವನ್ನು ಒತ್ತಿ ಹಿಡಿದಿರುವುದು ಏನೂ ಇಲ್ಲ. ಟೇಪ್ ಒತ್ತಿ ಹಿಡಿಯುವುದಿಲ್ಲ, ಅದು ಬರೀ ಹೊದಿಕೆ. ಕಾರು ಅಲುಗಾಡಿದ ಹಾಗೆ ಎಳೆ ಸಡಿಲವಾಗುತ್ತದೆ. ಸಡಿಲವಾದಲ್ಲಿ ಗಾಳಿ, ತೇವ ನುಗ್ಗಿ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ನಿಮ್ಮ ಕಡೆ ಸಮುದ್ರದ ಉಪ್ಪುಗಾಳಿ ಬೇರೆ ಇದೆ. ಮೂರು ಮಳೆಗಾಲ ಕಳೆದ ಇಂಥ ಜಾಯಿಂಟ್ ಬಿಚ್ಚಿದರೆ ಎಳೆಗಳು ಹಸಿರಾಗಿಯೋ ಕಪ್ಪಾಗಿಯೋ ಇರುತ್ತವೆ. ಕಿಲುಬಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಇನ್ನು ಟೇಪ್. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿ 70 ಡಿಗ್ರಿ ದಾಟುವುದುಂಟು. ಮಾಮೂಲಿ ಪಿವಿಸಿ ಟೇಪಿನ ಅಂಟು ಆ ಬಿಸಿಗೆ ಹಲಸಿನ ಮೇಣದ ಹಾಗೆ ಕರಗಿ ಜಾರುತ್ತದೆ. ನಿಮ್ಮ ಸ್ಟೀರಿಯೊ ಎಳೆದಾಗ ಕೈಗೆ ಅಂಟಂಟಾಗಿ ಏನೋ ಹತ್ತಿತ್ತು, ಅಲ್ವಾ? ಅದೇ.

ಟೇಪ್ ಜಾರಿ ಸ್ಪೀಕರ್ ವೈರಿನ ತಾಮ್ರ ಹೊರಗೆ ಕಂಡರೆ ಇನ್ನೊಂದು ಅಪಾಯ ಇದೆ. ತುಂಬಾ ಜನ ಸ್ಪೀಕರಿನ ಮೈನಸ್ ವೈರ್ ಅಂದರೆ ಅರ್ಥ್ ಅಂದುಕೊಂಡಿದ್ದಾರೆ. ಈಗಿನ ಸ್ಟೀರಿಯೊಗಳಲ್ಲಿ ಹಾಗಿಲ್ಲ. ಪ್ಲಸ್, ಮೈನಸ್ ಎರಡರಲ್ಲೂ ಬ್ಯಾಟರಿಯ ಅರ್ಧದಷ್ಟು, ಅಂದರೆ ಸುಮಾರು 6 ವೋಲ್ಟ್ ಇರುತ್ತದೆ. ಯಾವುದೇ ಒಂದು ಕಾರಿನ ಬಾಡಿಗೆ ತಗುಲಿದರೂ ಸ್ಟೀರಿಯೊ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ಅದೃಷ್ಟ ಕೆಟ್ಟರೆ ಒಳಗಿನ ಐಸಿ (ಚಿಪ್) ಸುಟ್ಟುಹೋಗುತ್ತದೆ. ಆದ್ದರಿಂದ ಹಾಡು ಬರುತ್ತಿದೆಯಲ್ಲಾ ಅಂತ ಸ್ಪೀಕರ್ ಜಾಯಿಂಟ್‌ಗಳನ್ನು ಹಾಗೇ ಬಿಡಬೇಡಿ.

ನಿಮ್ಮ ತಮ್ಮನ ಮಾತಿಗೆ ಬರೋಣ. ಬೆಸುಗೆ, ಅಂದರೆ ಸೋಲ್ಡರ್ ಮಾಡುವುದು, ಒಳ್ಳೆಯದೇ. ಚೆನ್ನಾಗಿ ಮಾಡಿದ ಬೆಸುಗೆಯಲ್ಲಿ ಗಾಳಿಗೆ ಜಾಗವಿಲ್ಲ, ಕಿಲುಬಿಗೂ ಜಾಗವಿಲ್ಲ. ತೊಂದರೆ ಬೆಸುಗೆಯ ಪಕ್ಕದಲ್ಲಿದೆ. ಕರಗಿದ ಸೀಸ (ಬೆಸುಗೆಯ ಲೋಹಕ್ಕೆ ನಾವು ಹೇಳುವುದು ಹೀಗೇ) ಹಾಕಿದಲ್ಲೇ ನಿಲ್ಲುವುದಿಲ್ಲ. ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಎಳೆಗಳ ನಡುವೆ ಏರಿ ಸಿಪ್ಪೆಯ ಒಳಗೂ ಹೋಗುತ್ತದೆ. ಅಲ್ಲಿವರೆಗೆ ವೈರ್ ಕಡ್ಡಿಯ ಹಾಗೆ ಗಟ್ಟಿ, ಅಲ್ಲಿಂದ ಮುಂದೆ ಮೆದು. ಗಾಡಿ ಅಲುಗಾಡಿದಾಗ ಬಾಗುವಿಕೆಯೆಲ್ಲ ಆ ಗಡಿಯಲ್ಲೇ ಆಗುತ್ತದೆ. ಒಂದು ದಿನ ವೈರ್ ಅಲ್ಲಿಯೇ ತುಂಡಾಗುತ್ತದೆ. ಬೆಸುಗೆ ಹಾಕಿದ ಜಾಗ ಮಾತ್ರ ಹೊಳೆಯುತ್ತಾ ಕೂತಿರುತ್ತದೆ! ಮನೆಯಲ್ಲಿ ಕದಲದೆ ಇರುವ ರೇಡಿಯೊಗೆ ಈ ಸಮಸ್ಯೆ ಇಲ್ಲ. ತಮ್ಮ ಕಾಲೇಜಿನ ಲ್ಯಾಬಿನಲ್ಲಿ ನೋಡಿದ್ದೂ ಅಂಥದ್ದೇ ಇರಬೇಕು.

ಇನ್ನೊಂದು ಕಷ್ಟ ಜಾಗದ್ದು. ಡ್ಯಾಶ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ಮಲಗಿ, ಒಂದು ಕೈಯಲ್ಲಿ ಸೋಲ್ಡರಿಂಗ್ ಐರನ್, ಒಂದು ಕೈಯಲ್ಲಿ ಸೀಸ ಹಿಡಿದರೆ ವೈರ್ ಹಿಡಿಯಲು ಮೂರನೇ ಕೈ ಬೇಕು. ಮಾಮೂಲಿ 60/40 ಸೀಸ (60 ಪಾಲು ತವರ, 40 ಪಾಲು ಸೀಸ) ಕರಗುವುದು ಸುಮಾರು 190 ಡಿಗ್ರಿಯಲ್ಲಿ. ಆ ಹನಿ ಸೀಟಿನ ಮೇಲೆ ಬಿದ್ದರೆ ತೂತು, ಮುಖದ ಮೇಲೆ ಬಿದ್ದರೆ ಇನ್ನೇನು ಹೇಳಲಿ. ಹಾಗೆ ಮಲಗಿ ಮಾಡಿದ ಬೆಸುಗೆ ಸಾಮಾನ್ಯವಾಗಿ ತಣ್ಣನೆಯ ಬೆಸುಗೆಯೇ ಆಗಿರುತ್ತದೆ. ಮೇಲೆ ಉಂಡೆ ಕಟ್ಟಿರುತ್ತದೆ, ಒಳಗೆ ಹಿಡಿದಿರುವುದಿಲ್ಲ.

ನಾನು ಬೆಸುಗೆ ಹಾಕುವುದು ಮೇಜಿನ ಮೇಲೆ ಮಾತ್ರ. ಸ್ಟೀರಿಯೊ ಕಡೆಯ ವೈರ್ ಗೊಂಚಲನ್ನು ಬಿಚ್ಚಿ ತಂದು, ಆರಾಮಾಗಿ ಕೂತು, ಕಪ್ಲರಿನ ವೈರ್‌ಗಳಿಗೆ ಸೇರಿಸುತ್ತೇನೆ. ತುದಿಗಳನ್ನು ಸುಮ್ನೆ ಪಕ್ಕಪಕ್ಕ ಇಡಬೇಡಿ. ಎರಡನ್ನೂ ಕೊಕ್ಕೆಯ ಹಾಗೆ ಸಿಕ್ಕಿಸಿ, ಒಂದರ ತುದಿಯನ್ನು ಇನ್ನೊಂದರ ಮೈಮೇಲೆ ಸುತ್ತಿ. ಹಿಂದೆ ಟೆಲಿಗ್ರಾಫ್ ತಂತಿಗಳನ್ನು ಜೋಡಿಸುತ್ತಿದ್ದ ಗಂಟು ಇದೇ. ಸೀಸ ಹಾಕುವ ಮೊದಲೇ ಎಳೆದರೂ ಬಿಚ್ಚಬಾರದು. ಆಮೇಲೆ ಐರನ್ನಿನಿಂದ ವೈರನ್ನು ಕಾಯಿಸಿ, ಸೀಸವನ್ನು ವೈರಿಗೆ ಮುಟ್ಟಿಸಿ. ವೈರೇ ಸೀಸವನ್ನು ಕರಗಿಸಿ ಕುಡಿಯಬೇಕು. ಲೋಹದ ಕಿಲುಬು ತೆಗೆದು ಸೀಸ ಹಿಡಿಯುವ ಹಾಗೆ ಮಾಡುವ ಫ್ಲಕ್ಸ್ ಬೇಕು, ಅದಕ್ಕೆ ಸೀಸದ ತಂತಿಯೊಳಗೇ ಇರುವ ರಾಳದ ಫ್ಲಕ್ಸ್ ಸಾಕು. ರೇಡಿಯೇಟರ್ ಬೆಸುಗೆಯವರ ಆಸಿಡ್, ಕಲಾಯಿ ಹಾಕುವವರ ನವಸಾಗರ ಇವು ವೈರಿಂಗಿಗೆ ಬೇಡವೇ ಬೇಡ. ಒಂದೆರಡು ವರ್ಷದಲ್ಲಿ ತಾಮ್ರವನ್ನೇ ತಿಂದುಹಾಕುತ್ತವೆ.

ಹಾಂ, ಬೆಸುಗೆಗೆ ಮೊದಲು ಹೀಟ್ ಶ್ರಿಂಕ್ ಕೊಳವೆಯನ್ನು (ಬಿಸಿ ಮಾಡಿದರೆ ಕುಗ್ಗಿ ಜಾಯಿಂಟನ್ನು ಮುಚ್ಚುವಂಥದ್ದು) ವೈರಿಗೆ ತೂರಿಸಿ ದೂರ ಸರಿಸಿಟ್ಟಿದ್ದೀರಾ ನೋಡಿ. ಇಷ್ಟು ವರ್ಷ ಆದರೂ ನಾನು ತಿಂಗಳಿಗೊಮ್ಮೆಯಾದರೂ ಮರೆಯುತ್ತೇನೆ. ಚೆಂದದ ಬೆಸುಗೆ ಮುಗಿಸಿ, ಕೊಳವೆ ಮೇಜಿನ ಮೇಲೆ ಬಿದ್ದಿರುವುದು ಕಂಡಾಗ ಬರುವ ಮಾತುಗಳನ್ನು ಇಲ್ಲಿ ಬರೆಯಲಾಗದು.

ಕಾರಿನ ಒಳಗೆ, ಬಗ್ಗಿ ಮಾಡುವ ಕೆಲಸಕ್ಕೆ ನನ್ನ ಆಯ್ಕೆ ಕ್ರಿಂಪಿಂಗ್. ಕಾರು ಕಂಪನಿಯವರೂ ಕಪ್ಲರ್ ಪಿನ್ನಿಗೆ ವೈರ್ ಹಿಡಿಸುವುದು ಹೀಗೆಯೇ. ತಾಮ್ರದ ಕೊಳವೆಯೊಳಗೆ ಎಳೆಗಳನ್ನಿಟ್ಟು ಸರಿಯಾದ ಬಲದಲ್ಲಿ ಒತ್ತಿದರೆ ಎಳೆಗಳ ನಡುವೆ ಗಾಳಿಗೂ ಜಾಗ ಉಳಿಯುವುದಿಲ್ಲ, ಎಲ್ಲ ಒಂದೇ ಗಟ್ಟಿ ತುಂಡಾಗುತ್ತವೆ. ಬಿಸಿ ಮಾಡುವ ಕೆಲಸವಿಲ್ಲ. ಸೀಸ ಏರಿ ವೈರ್ ಗಟ್ಟಿಯಾಗುವುದೂ ಇಲ್ಲ.

ಕ್ರಿಂಪಿಗೆ ಕೆಟ್ಟ ಹೆಸರು ಬಂದಿರುವುದು ಇಕ್ಕಳದಿಂದ. ಕಟಿಂಗ್ ಪ್ಲೇಯರಿನಲ್ಲಿ ಕಚ್ಚಿಸಿದರೆ ಅದು ಚಪ್ಪಟೆಯಾಗುತ್ತದೆ ಅಷ್ಟೇ, ಹಿಡಿಯುವುದಿಲ್ಲ. ರ‍್ಯಾಚೆಟ್ ಇರುವ ಕ್ರಿಂಪಿಂಗ್ ಟೂಲ್ ಬೇಕು. ಪೂರ್ತಿ ಒತ್ತುವವರೆಗೆ ಅದು ಬಾಯಿ ಬಿಡುವುದಿಲ್ಲ. ಅದೇ ಅದರ ಗುಣ. ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಕೊಳವೆಗಳಿಗೆ ಬಣ್ಣದ ಲೆಕ್ಕ ಇದೆ. ಕೆಂಪು 0.5ರಿಂದ 1.5 ಸ್ಕ್ವೇರ್ ಎಂಎಂ ವೈರಿಗೆ, ನೀಲಿ 1.5ರಿಂದ 2.5ಕ್ಕೆ, ಹಳದಿ 4ರಿಂದ 6ಕ್ಕೆ. ಟೂಲಿನ ಬಾಯಲ್ಲೂ ಅದೇ ಬಣ್ಣದ ಚುಕ್ಕೆ ಇರುತ್ತದೆ. ಸ್ಟೀರಿಯೊದ ವೈರ್‌ಗಳಿಗೆ ಹೆಚ್ಚಾಗಿ ಕೆಂಪೇ ಸಾಕು. ವೈರ್ ತೀರಾ ಸಪೂರ ಇದ್ದರೆ ಎಳೆಗಳನ್ನು ಮಡಚಿ ದಪ್ಪ ಮಾಡಿಕೊಳ್ಳಿ. ಸಿಪ್ಪೆ 7–8 ಮಿಲಿಮೀಟರ್ ಸುಲಿದರೆ ಸಾಕು, ಸುಲಿಯುವಾಗ ಒಂದು ಎಳೆಯೂ ತುಂಡಾಗಬಾರದು. ಒಂದೊಂದು ಕಡೆಯಿಂದ ಒಂದೊಂದು ವೈರ್ ತೂರಿಸಿ ಎರಡನ್ನೂ ಬೇರೆಬೇರೆಯಾಗಿ ಒತ್ತಿ. ಆಮೇಲೆ ಜಗ್ಗಿ ನೋಡಿ. ನಾಚಿಕೆ ಬೇಡ, ಜೋರಾಗಿಯೇ ಜಗ್ಗಿ. ಕಿತ್ತು ಬಂದರೆ ಈಗಲೇ ಬರಲಿ.

ಕ್ರಿಂಪ್ ಮಾಡಿ ಅದರ ಮೇಲೆ ಬೆಸುಗೆಯನ್ನೂ ಹಾಕಿದರೆ ಡಬಲ್ ಗಟ್ಟಿ ಅಂತ ಕೆಲವರು ಹೇಳುತ್ತಾರೆ. ಹಾಗೆ ಮಾಡಿದರೆ ಸೀಸ ಏರಿ ವೈರ್ ಮತ್ತೆ ಗಟ್ಟಿಯಾಗುತ್ತದೆ, ಕ್ರಿಂಪಿನಿಂದ ಸಿಕ್ಕ ಲಾಭವೇ ಹೋಗುತ್ತದೆ. ಇನ್ನು ವೈರ್ ಕತ್ತರಿಸದೆ ಮೇಲಿಂದ ಕಚ್ಚಿಸುವ ಪ್ಲಾಸ್ಟಿಕ್ ಕ್ಲಿಪ್‌ಗಳು ಸಿಗುತ್ತವೆ. ಅವುಗಳ ಬ್ಲೇಡ್ ಸಿಪ್ಪೆಯ ಜೊತೆಗೆ ನಾಲ್ಕು ಎಳೆಗಳನ್ನೂ ಕತ್ತರಿಸುತ್ತದೆ. ನಾನು ಮುಟ್ಟುವುದಿಲ್ಲ. ಮನೆ ವೈರಿಂಗಿನಲ್ಲಿ ಬಳಸುವ, ಸಣ್ಣ ಹಿಡಿ ಎತ್ತಿ ವೈರ್ ತೂರಿಸಿ ಒತ್ತುವ ಕನೆಕ್ಟರ್ ಪರವಾಗಿಲ್ಲ, ಆದರೆ ಗಾತ್ರ ದೊಡ್ಡದು. ಸ್ಟೀರಿಯೊ ಹಿಂದೆ ಅಂಥವು ಹನ್ನೆರಡು ಹಾಕಿದರೆ ಸ್ಟೀರಿಯೊ ಒಳಗೆ ಕೂರುವುದಿಲ್ಲ.

ನಿಮ್ಮ ಕಾರಿಗೆ ಏನು ಮಾಡಬೇಕು ಅಂತ ಹೇಳುತ್ತೇನೆ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಹಳದಿ ಕಪ್ಲರ್ ಅಥವಾ ಹಳದಿ ಕವಚದೊಳಗೆ ಹೋಗುವ ವೈರ್ ಕಂಡರೆ ಅದರ ತಂಟೆಗೆ ಹೋಗಬೇಡಿ, ಅದು ಏರ್‌ಬ್ಯಾಗಿನದು. ಸ್ಟೀರಿಯೊದ ಹಳದಿ ವೈರ್ ಬೇರೆ, ಇದು ಬೇರೆ. ಎರಡನ್ನೂ ಗೊಂದಲ ಮಾಡಿಕೊಂಡವರನ್ನು ನೋಡಿದ್ದೇನೆ.

ಹಳೆಯ ತಿರುಚಿದ ಭಾಗವನ್ನು ಬಿಚ್ಚಿ ಮತ್ತೆ ಬಳಸಬೇಡಿ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಎಸೆಯಿರಿ. ಉಪ್ಪುಗಾಳಿಯ ಊರಲ್ಲಿ ಕಿಲುಬು ಸಿಪ್ಪೆಯ ಒಳಗೂ ಒಂದೆರಡು ಇಂಚು ಹೋಗಿರುತ್ತದೆ. ಆಮೇಲೆ ನೇರವಾಗಿ ಸ್ಟೀರಿಯೊದ ವೈರಿಗೆ ಸೇರಿಸುವ ಬದಲು ಒಂದು ಜೋಡಿ ಐಎಸ್‌ಒ ಕಪ್ಲರ್ (ಸ್ಟೀರಿಯೊಗಳಿಗೆಂದೇ ಇರುವ ಸ್ಟ್ಯಾಂಡರ್ಡ್ ಕಪ್ಲರ್) ತನ್ನಿ. ಬೆಂಗಳೂರಿನ ಜೆಸಿ ರೋಡಿನಂಥ ಕಡೆ ಕಾರಿನ ಮಾಡೆಲ್ ಹೇಳಿದರೆ ಅದರದೇ ಕಪ್ಲರ್ ಕೊಡುತ್ತಾರೆ, ನಿಮ್ಮೂರಲ್ಲೂ ಕೇಳಿದರೆ ತರಿಸಿಕೊಡುತ್ತಾರೆ. ಒಂದು ಭಾಗವನ್ನು ಕಾರಿನ ವೈರ್‌ಗಳಿಗೆ ಕ್ರಿಂಪ್ ಮಾಡಿ. ಇನ್ನೊಂದನ್ನು ಮೇಜಿನ ಮೇಲೆ ಸ್ಟೀರಿಯೊದ ಗೊಂಚಲಿಗೆ ಬೆಸುಗೆ ಹಾಕಿ. ಆ ಕೆಲಸ ತಮ್ಮನಿಗೇ ಕೊಡಿ. ಕಾರಿನ ವೈರಿಗೆ ಕತ್ತರಿ ಹಾಕುವುದು ಇದೇ ಕೊನೆ. ನಾಳೆ ಬೇರೆ ಸ್ಟೀರಿಯೊ ತಂದರೂ ಚುಚ್ಚಿದರೆ ಆಯಿತು. ಎರಡು ವರ್ಷದ ಹಿಂದೆ ನಿಮ್ಮ ಅಂಗಡಿಯವರು ಇದೊಂದು ಕಪ್ಲರ್ ಹಾಕಿದ್ದರೆ ಈ ಪತ್ರವೇ ಬರುತ್ತಿರಲಿಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಹೊರಗೆ ಸಿಗುವ ಸ್ಟೀರಿಯೊಗಳಲ್ಲಿ ಮುಂದಿನ ಎಡ ಸ್ಪೀಕರಿಗೆ ಬಿಳಿ, ಮುಂದಿನ ಬಲಕ್ಕೆ ಬೂದು, ಹಿಂದಿನ ಎಡಕ್ಕೆ ಹಸಿರು, ಹಿಂದಿನ ಬಲಕ್ಕೆ ನೇರಳೆ. ಕಪ್ಪು ಗೆರೆ ಇರುವುದು ಮೈನಸ್. ಕಾರಿನ ಕಡೆಯ ವೈರಿಗೆ ಈ ಬಣ್ಣ ಅನ್ವಯವಾಗುವುದಿಲ್ಲ. ಅಲ್ಲಿ ಮಲ್ಟಿಮೀಟರನ್ನು ನಂಬಿ, ಕಣ್ಣನ್ನಲ್ಲ.

ಎಲ್ಲ ಜಾಯಿಂಟ್‌ಗಳನ್ನೂ ಒಂದೇ ಸಾಲಿಗೆ ಮಾಡಬೇಡಿ, ಒಂದು ಕಡೆ ಹಾವು ಇಲಿ ನುಂಗಿದ ಹಾಗೆ ಉಬ್ಬುತ್ತದೆ. ಒಂದೊಂದನ್ನು ಎರಡು ಬೆರಳಷ್ಟು ಹಿಂದೆಮುಂದೆ ಮಾಡಿ. ಕೊನೆಗೆ ಗೊಂಚಲಿಗೆ ಬಟ್ಟೆಯ ಟೇಪ್ ಸುತ್ತಿ, ಕೇಬಲ್ ಟೈ ಹಾಕಿ ಯಾವುದಾದರೂ ಬ್ರಾಕೆಟಿಗೆ ಕಟ್ಟಿ. ನೇತಾಡುವ ಜಾಯಿಂಟ್ ಎಷ್ಟು ಚೆನ್ನಾಗಿದ್ದರೂ ಕೊನೆಗೆ ಕೈಕೊಡುತ್ತದೆ.

ಎಡ ಬಾಗಿಲಿನ ಕರಕರಕ್ಕೆ ಸ್ಪೀಕರಿನ ಹಿಂದಿನ ಜಾಯಿಂಟೇ ಕಾರಣ ಇರಬೇಕು. ಬಾಗಿಲಿನ ಒಳಗೆ ಮಳೆನೀರು ಬರುತ್ತದೆ ಅಂದರೆ ಹಲವರು ನಂಬುವುದಿಲ್ಲ. ಗಾಜಿನ ಪಕ್ಕದಿಂದ ಇಳಿದ ನೀರು ಬಾಗಿಲಿನೊಳಗೆ ಹೋಗಿ, ಕೆಳಗಿನ ತೂತಿನಿಂದ ಹೊರಬರುವ ಹಾಗೆಯೇ ಕಾರನ್ನು ಮಾಡಿರುತ್ತಾರೆ. ಟೇಪ್ ಸುತ್ತಿದ ಜಾಯಿಂಟಿಗೆ ಅಲ್ಲಿ ಆಯಸ್ಸಿಲ್ಲ. ಅಲ್ಲಿ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಬಳಸಿ. ಕಾಯಿಸಿದಾಗ ಎರಡೂ ತುದಿಯಲ್ಲಿ ಅಂಟು ಸ್ವಲ್ಪ ಹೊರಗೆ ಇಣುಕಬೇಕು, ಆಗ ನೀರು ಹೋಗುವುದಿಲ್ಲ. ಸ್ಪೀಕರಿನ ಕಡೆ ಬೆಸುಗೆ ಬದಲು ಲಗ್ಗು (ವೈರಿನ ತುದಿಗೆ ಕ್ರಿಂಪ್ ಮಾಡುವ ಲೋಹದ ತುಂಡು) ಹಾಕಿ. ಸಾಮಾನ್ಯವಾಗಿ ಅಗಲದ ಕಾಲು ಪ್ಲಸ್, ಸಣ್ಣದು ಮೈನಸ್. ಬಾಗಿಲಿಗೂ ಕಾರಿಗೂ ನಡುವಿನ ರಬ್ಬರ್ ಕೊಳವೆಯೊಳಗೆ ಮಾತ್ರ ಯಾವ ಜಾಯಿಂಟೂ ಬೇಡ. ಪ್ರತಿ ಸಲ ಬಾಗಿಲು ತೆಗೆದಾಗಲೂ ಬಾಗುವ ಜಾಗ ಅದು. ಈಗಿರುವ ವೈರ್ ಅಲ್ಲಿಯೇ ತುಂಡಾಗಿದ್ದರೆ ಈ ಕಡೆಯಿಂದ ಆ ಕಡೆಗೆ ಅಖಂಡವಾಗಿ ಹೊಸ ವೈರ್ ಎಳೆಯಿರಿ.

ಆಂಪ್ಲಿಫೈಯರ್ ಲೆಕ್ಕವೇ ಬೇರೆ. ಸ್ಟೀರಿಯೊದಲ್ಲಿ ಕೆಟ್ಟ ಜಾಯಿಂಟ್ ಹಾಡು ನಿಲ್ಲಿಸುತ್ತದೆ, ಇಲ್ಲಿ ಬೆಂಕಿ ಹಚ್ಚಬಹುದು. ಸಡಿಲ ಜಾಯಿಂಟ್ ಒಂದರಲ್ಲಿ 0.05 ಓಮ್ ತಡೆ ಇದೆ ಅಂದುಕೊಳ್ಳಿ. ಮಾಮೂಲಿ ಮೀಟರಿನಲ್ಲಿ ಅದು ಸೊನ್ನೆ ಎಂದೇ ಕಾಣುತ್ತದೆ. ಅದರಲ್ಲಿ 30 ಆಂಪಿಯರ್ ಹರಿದರೆ 1.5 ವೋಲ್ಟ್ ಅಲ್ಲೇ ನಷ್ಟ, 45 ವಾಟ್ ಬಿಸಿ. ನಿಮ್ಮ ತಮ್ಮನ ಸೋಲ್ಡರಿಂಗ್ ಐರನ್ 25 ವಾಟಿನದಿರಬಹುದು. ಅಂಥವು ಹತ್ತಿರ ಹತ್ತಿರ ಎರಡನ್ನು ಕಾರ್ಪೆಟ್ಟಿನ ಕೆಳಗೆ ಉರಿಯಲು ಬಿಟ್ಟ ಹಾಗಾಯಿತು.

ಆದ್ದರಿಂದ ಬ್ಯಾಟರಿಯಿಂದ ಆಂಪ್ಲಿಫೈಯರ್ ಕೂರುವ ಡಿಕ್ಕಿವರೆಗೆ ವೈರಿನ ನಡುವೆ ಫ್ಯೂಸ್ ಒಂದು ಬಿಟ್ಟು ಯಾವ ಜಾಯಿಂಟೂ ಇರಬಾರದು. ಉದ್ದ ಸಾಲದಿದ್ದರೆ ಗಂಟು ಹಾಕಬೇಡಿ, ಹೊಸದು ತನ್ನಿ. 10 ಸ್ಕ್ವೇರ್ ಎಂಎಂ ಶುದ್ಧ ತಾಮ್ರ ಇರಲಿ. 5 ಮೀಟರ್ ಉದ್ದಕ್ಕೆ 30 ಆಂಪಿಯರಿನಲ್ಲಿ ಕಾಲು ವೋಲ್ಟ್ ಮಾತ್ರ ನಷ್ಟ. ಅಗ್ಗದ ಕಿಟ್‌ಗಳಲ್ಲಿ ಬರುವುದು ಹೆಚ್ಚಾಗಿ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದು ಬೇಡ. ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಲಿ, 40 ಆಂಪಿಯರಿನದು. ಆಂಪ್ಲಿಫೈಯರಿಗೆ ಅದರದೇ ಫ್ಯೂಸ್ ಇದೆ, ಇದು ಇರುವುದು ವೈರಿನ ರಕ್ಷಣೆಗೆ. ವೈರ್ ತಗಡಿಗೆ ತಿಕ್ಕಿ ಶಾರ್ಟ್ ಆದರೆ ಮೊದಲು ಹೋಗಬೇಕಾದದ್ದು ಇದೇ. ಎಂಜಿನ್ ಕಡೆಯಿಂದ ಒಳಗೆ ಬರುವ ತೂತಿಗೆ ರಬ್ಬರ್ ಬುಷ್ ಮರೆಯಬೇಡಿ.

ಬ್ಯಾಟರಿ ತುದಿಗೆ ದಪ್ಪ ಲಗ್ಗು ಬೇಕು. ಅದನ್ನು ಕೈ ಟೂಲಿನಲ್ಲಿ ಒತ್ತಲಾಗದು. ಬ್ಯಾಟರಿ ಅಂಗಡಿ, ಪ್ಯಾನೆಲ್ ಬೋರ್ಡ್ ಮಾಡುವವರ ಹತ್ತಿರ ಹೈಡ್ರಾಲಿಕ್ ಕ್ರಿಂಪರ್ ಇರುತ್ತದೆ, ಅವರಲ್ಲಿ ಒತ್ತಿಸಿ ತನ್ನಿ. ಇನ್ನೊಂದು ತುದಿ ಆಂಪ್ಲಿಫೈಯರಿನ ಸ್ಕ್ರೂ ಕೆಳಗೆ ಹೋಗುತ್ತದೆ. ಅಲ್ಲಿ ಎಳೆ ಚದುರಬಾರದು ಅಂತ ತುದಿಗೆ ಸೀಸ ಹಚ್ಚುವ ಅಭ್ಯಾಸ ಹಲವರಿಗಿದೆ. ನೋಡಲು ಚೆಂದ, ಆದರೆ ಸೀಸ ಮೆದು. ಸ್ಕ್ರೂ ಒತ್ತಿದ ಹಾಗೆ ನಿಧಾನಕ್ಕೆ ಅದು ಜಾರಿ ತೆಳುವಾಗುತ್ತದೆ. ಕೆಲವು ತಿಂಗಳಿಗೆ ಸ್ಕ್ರೂ ಸಡಿಲ. ಬರೀ ಎಳೆಗಳನ್ನೇ ಹಾಕಿ, ಇಲ್ಲವೇ ತುದಿಗೆ ಹಾಕುವ ಸಣ್ಣ ಫೆರೂಲ್ ಕೊಳವೆ ಕ್ರಿಂಪ್ ಮಾಡಿ ಹಾಕಿ.

ಅರ್ಥ್ ವೈರೂ ಅಷ್ಟೇ ದಪ್ಪ ಇರಬೇಕು, ಒಂದೂವರೆ ಅಡಿಗಿಂತ ಉದ್ದ ಬೇಡ. ಬಾಡಿಯಲ್ಲಿ ಬೋಲ್ಟ್ ಹಾಕುವ ಕಡೆ ಪೇಂಟನ್ನು ಕೆರೆದು ತಗಡು ಹೊಳೆಯುವ ಹಾಗೆ ಮಾಡಿ. ಸೀಟ್ ಬೆಲ್ಟಿನ ಬೋಲ್ಟನ್ನು ಮಾತ್ರ ಬಳಸಬೇಡಿ. ಬಿಗಿ ಮಾಡಿದ ಮೇಲೆ ಕೆರೆದ ಜಾಗಕ್ಕೆ ಗ್ರೀಸ್ ಅಥವಾ ಪೇಂಟ್ ಹಚ್ಚಿ. ಉಡುಪಿಯಲ್ಲಿ ಹಾಗೇ ಬಿಟ್ಟ ತಗಡು ಒಂದು ಮಳೆಗಾಲ ತಡೆಯುವುದಿಲ್ಲ.

ಎಲ್ಲ ಮುಗಿದ ಮೇಲೆಯೇ ಬ್ಯಾಟರಿ ಪಕ್ಕದ ಫ್ಯೂಸ್ ಹಾಕಿ. ಪರೀಕ್ಷೆಗೆ ಓಮ್ ಅಳೆದು ಪ್ರಯೋಜನವಿಲ್ಲ ಅಂದೆನಲ್ಲ, ಕರೆಂಟ್ ಹರಿಯುವಾಗ ವೋಲ್ಟ್ ಅಳೆಯಿರಿ. ಎಂಜಿನ್ ಓಡುತ್ತಿರಲಿ, ಬೇಸ್ ಜಾಸ್ತಿ ಇರುವ ಹಾಡು ಹಾಕಿ, ವಾಲ್ಯೂಮ್ ಏರಿಸಿ. ಮೀಟರಿನ ಒಂದು ಮೊನೆ ಜಾಯಿಂಟಿನ ಈ ಕಡೆ, ಇನ್ನೊಂದು ಆ ಕಡೆ ಇಡಿ. ಅರ್ಥಿಗಾದರೆ ಒಂದು ಆಂಪ್ಲಿಫೈಯರಿನ ಅರ್ಥ್ ಸ್ಕ್ರೂ ಮೇಲೆ, ಇನ್ನೊಂದು ಬೋಲ್ಟಿನ ಪಕ್ಕದ ತಗಡಿನ ಮೇಲೆ. 0.1 ವೋಲ್ಟ್ ಒಳಗಿದ್ದರೆ ಮುಚ್ಚಿಬಿಡಿ. ಜಾಸ್ತಿ ಬಂದರೆ ಅದನ್ನು ಕತ್ತರಿಸಿ ಹೊಸದಾಗಿ ಮಾಡಿ. ಹತ್ತು ನಿಮಿಷ ಹಾಡಿದ ಮೇಲೆ ಫ್ಯೂಸ್ ಹೋಲ್ಡರ್ ಮತ್ತು ಎರಡೂ ಲಗ್ಗುಗಳನ್ನು ಕೈಯಲ್ಲಿ ಮುಟ್ಟಿಯೂ ನೋಡಿ. ಬಿಸಿಯಾದ ಒಂದು ಜಾಗ ಸಿಕ್ಕರೆ ಅವತ್ತು ಘಾಟಿ ಹತ್ತಬೇಡಿ.